ಕಿವಿಗುರುತಿಲ್ಲದ ಮರಿಗಳು

ಕಳೆದ ತಿಂಗಳು ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾದು ಕುಳಿತಿದ್ದೆ. ಗಾಡಿ ಬರುವುದಕ್ಕೆ ಸಾಕಷ್ಟು ಮೊದಲೇ ಹೋಗಿ ಕೂರುವುದು ನನ್ನ ರೂಢಿ. ಒಬ್ಬ ಬಂದು ನನ್ನ ಬೆಂಚಿನ ಪಕ್ಕ ಗೋಣಿಚೀಲವೊಂದನ್ನು ಇಳಿಸಿ, ನೀರು ಕುಡಿಯಲು ನಳದ ಕಡೆ ಹೋದ. ಚೀಲದಿಂದ ವಾಸನೆ ಎದ್ದಿತು. ಉಪ್ಪು ಹಚ್ಚಿ ಒಣಗಿಸಿದ ಕುರಿಚರ್ಮದ ವಾಸನೆ. ಅದೇ ಬೆಂಚಿನ ಮೇಲಿದ್ದ ತಾಯಿ ಮಗಳು ಮೂಗಿಗೆ ಸೆರಗು ಹಿಡಿದು ಎದ್ದು ಹೋದರು. ನಾನು ಏಳಲಿಲ್ಲ. ಅವನು ಬಾಯಿ ಒರೆಸಿಕೊಳ್ಳುತ್ತ ಬಂದು, "ವಾಸನಿ ಬರಾಕತ್ತದೇನ್ರಿ ಕಾಕಾ? ಆಕಡಿ ಒಯ್ದು ಇಡ್ತೀನ್ರಿ" ಅಂದ. ಇರಲಿ ಬಿಡಪ್ಪ ಅಂದೆ. ಆ ವಾಸನೆಯ ಪಕ್ಕದಲ್ಲಿ ಮೇಜು ಹಾಕಿಕೊಂಡು ನಾನು ಒಂದು ಪೂರ್ತಿ ಬೇಸಿಗೆ ಕೆಲಸ ಮಾಡಿದ್ದೇನೆ.

ಸಂವಿಧಾನ ಬಂದ ಮರುವರ್ಷದ ಮಾತು. ನಾನು ಕಲಬುರ್ಗಿಯ ಹಾಸ್ಟೆಲಿನಲ್ಲಿ ಓದಿದವನು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ತಾಟು ತೊಳೆದು ಗೋಡೆಗೆ ಒರಗಿಸಿ ಇಡಬೇಕು, ಒರಗಿಸಿದ್ದು ಸೊಟ್ಟಗಿದ್ದರೆ ಮರುದಿನ ಉಪವಾಸ. ಉಳಿದ ಹುಡುಗರು ಅದನ್ನು ಜೈಲು ಅನ್ನುತ್ತಿದ್ದರು. ನನಗೆ ಮಾತ್ರ ಅದು ಹಿಡಿಸಿತು. ಅಲ್ಲಿಂದ ಹೊರಗೆ ಬಂದಾಗ ನಿಜಾಮರ ಆಡಳಿತ ಹೋಗಿತ್ತು. ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು, ಹೊಸ ಹುಕುಂಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು, ಕಟಕಟೆಯಲ್ಲಿ ನಿಲ್ಲುವವರು ಕನ್ನಡದಲ್ಲಿ ಮಾತಾಡುತ್ತಿದ್ದರು. ಮೂರೂ ಬರುವ ಹುಡುಗರಿಗೆ ಕೋರ್ಟಿನಲ್ಲಿ ನೌಕರಿ ಕಷ್ಟವಿರಲಿಲ್ಲ.

ಸುರಪುರದಿಂದ ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ಮುನ್ಸೀಫ್ ಕೋರ್ಟು ಇತ್ತು. ಈಗ ಅದಿಲ್ಲ. ಕಟ್ಟಡದ ಕಲ್ಲುಗಳನ್ನೂ ಜನ ಒಯ್ದಿದ್ದಾರೆ. ಅಲ್ಲಿಯ ನಾಜರ್ ಶಾಖೆಗೆ, ಅಂದರೆ ಜಪ್ತಿಯಾದ ಮಾಲನ್ನು ಕಾಯುವ ಶಾಖೆಗೆ, ನನ್ನನ್ನು ಹಾಕಿದರು. ಮಾಲ್‌ಖಾನೆಯ ಕೀಲಿ ನನ್ನ ಸೊಂಟಕ್ಕೆ ಬಂತು. ಒಳಗೆ ತಾಮ್ರದ ಹಂಡೆ, ಬಂಡಿಯ ಗಾಲಿ, ನಳಿಗೆ ಬಾಗಿದ ಒಂದು ಬಂದೂಕು, ಯಾವಳೋ ಸೊಸೆಯ ಬೆಳ್ಳಿ ಕಡಗ. ಎಲ್ಲಕ್ಕೂ ಚೀಟಿ ಕಟ್ಟಿ, ಎಲ್ಲವನ್ನೂ ಅದರದರ ಜಾಗದಲ್ಲಿಟ್ಟೆ. ಕೆಲಸಕ್ಕೆ ಸೇರಿದ ಹದಿನೈದು ದಿನದಲ್ಲಿ ಆ ಖೋಲಿ ನೋಡುವ ಹಾಗಾಯಿತು.

ಆ ಚಳಿಗಾಲದಲ್ಲಿ ನಮ್ಮ ವಶಕ್ಕೆ ಒಂದು ಕುರಿಹಿಂಡು ಬಂತು.

ಹಿಂಡು ಮಾಳವ್ವನದು. ಅಥವಾ ಅವಳ ಮೈದುನ ಬೀರಪ್ಪನದು. ಜಗಳವೇ ಅದು. ಮಾಳವ್ವನ ಮದುವೆಯಲ್ಲಿ ತವರಿನವರು ಬಳುವಳಿಯಾಗಿ ಕೆಲವು ಹೆಣ್ಣುಕುರಿ ಕೊಟ್ಟಿದ್ದರು. ಆ ಕಡೆಯ ಕುರುಬರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕಿವಿಗುರುತು. ಮಾಳವ್ವನ ತವರಿನದು ಬಲಗಿವಿಯ ತುದಿ ಕೊಯ್ದು ಎಡಗಿವಿಯ ನಡುವೆ ಒಂದು ಸೀಳು. ಗಂಡನ ಮನೆಯದು ಎರಡೂ ಕಿವಿಯ ಕೆಳಅಂಚಿಗೆ ಒಂದೊಂದು ಕಚ್ಚು. ಬಳುವಳಿಯ ಕುರಿ ಗಂಡನ ಹಟ್ಟಿಗೆ ಬಂದರೂ ತವರಿನ ಗುರುತಿನಲ್ಲೇ ಇರುತ್ತದೆ. ಅದರ ಮರಿಗೂ ತಾಯಿಯ ಗುರುತೇ ಹಾಕುತ್ತಾರೆ. ಗಂಡ ಇರುವತನಕ ಇದಕ್ಕೆ ಯಾರ ತಕರಾರೂ ಇರಲಿಲ್ಲ. ಅವನು ವಾಂತಿಭೇದಿಯಲ್ಲಿ ಸತ್ತ. ಎರಡು ವರ್ಷ ಬಿಟ್ಟು ಮಾಳವ್ವ ಬೇರೆ ಹಟ್ಟಿಯ ನಿಂಗಪ್ಪನನ್ನು ಉಡಿಕಿ ಆದಳು. ವಿಧವೆಯರು ಮತ್ತೊಂದು ಗಂಡನನ್ನು ಕೂಡುವ ಪದ್ಧತಿ ಅದು. ಹೊರಡುವಾಗ ತನ್ನ ಗುರುತಿನ ಕುರಿಗಳನ್ನು ಹೊಡೆದುಕೊಂಡು ಹೊರಟಳು. ಬೀರಪ್ಪ ಅಡ್ಡ ನಿಂತ. ನಿನ್ನಪ್ಪ ಕೊಟ್ಟ ಕುರಿ ಎಂದೋ ಸತ್ತುಹೋದವು, ಇವು ಅವುಗಳ ಮರಿಯ ಮರಿಗಳು, ಮೇದದ್ದು ನಮ್ಮ ಹೊಲ, ಹಾರಿದ್ದು ನಮ್ಮ ಟಗರು, ಉಡಿಕಿ ಆಗಿ ಹೋಗುವವಳು ಉಟ್ಟ ಸೀರೆಯಲ್ಲಿ ಹೋಗಬೇಕು ಅಂದ.

ನಮ್ಮ ಕೋರ್ಟು ಮಾಳವ್ವನ ಕಡೆ ಹೇಳಿತ್ತು. ಮೇಲಿನ ಎರಡು ಕೋರ್ಟು ಬೀರಪ್ಪನ ಕಡೆ ಹೇಳಿದವು. ಅಷ್ಟಕ್ಕೇ ಬಿಡುತ್ತಿದ್ದರೇನೋ. ಆದರೆ ಇದು ತಮ್ಮ ಹೆಣ್ಣುಮಕ್ಕಳೆಲ್ಲರ ಪ್ರಶ್ನೆ ಎಂದು ಆಕೆಯ ತವರಿನ ಸುತ್ತಣ ಹಟ್ಟಿಯವರು ಕೂಡಿ ಹಟಕ್ಕೆ ಬಿದ್ದರು. ಹೈದರಾಬಾದಿನಲ್ಲಿ ನಿಜಾಮರ ಕಾಲದಿಂದ ಎಲ್ಲ ಕೋರ್ಟುಗಳ ಮೇಲೆ ಅಪೀಲು ಕೇಳುವ ಒಂದು ಕಮಿಟಿ ಕೂರುತ್ತಿತ್ತು. ಅಲ್ಲಿಗೆ ಹೋದರು. ಸಂವಿಧಾನ ಬರುತ್ತಲೇ ಆ ಕಮಿಟಿ ರದ್ದಾಯಿತು. ಅದರ ಮುಂದಿದ್ದ ಕಾಗದಗಳೆಲ್ಲ ದೆಹಲಿಗೆ ಹೋದವು. ಹೀಗೆ, ಬಳುವಳಿ ಕುರಿಯ ಮರಿ ಯಾರದು ಎಂಬ ಪ್ರಶ್ನೆ ದೇಶದ ಕಟ್ಟಕಡೆಯ ಕೋರ್ಟಿನ ಮುಂದೆ ಕಾಯುತ್ತಿದ್ದ ಪ್ರಶ್ನೆಗಳ ಸಾಲಿನಲ್ಲಿ ಹೋಗಿ ನಿಂತಿತು. ಅಲ್ಲಿಂದ ನಮಗೆ ಒಂದು ಹುಕುಂ ಬಂತು. ತೀರ್ಪು ಆಗುವತನಕ ಇದ್ದದ್ದು ಇದ್ದ ಹಾಗೆ ಇರಬೇಕು. ಹಿಂಡು ನಮ್ಮ ವಶದಲ್ಲಿರಬೇಕು, ನಮ್ಮ ಕೋರ್ಟಿನ ಸರಹದ್ದು ದಾಟಬಾರದು, ಇಬ್ಬರಲ್ಲಿ ಯಾರೂ ಅದನ್ನು ಮುಟ್ಟಬಾರದು. ಓದಿದರೆ ಯಾರಿಗೂ ಇದರಲ್ಲಿ ಅನ್ಯಾಯ ಕಾಣಿಸುವುದಿಲ್ಲ. ನನಗೂ ಕಾಣಿಸಲಿಲ್ಲ.

ನಮ್ಮ ಮುನ್ಸೀಫ್ ಸಾಹೇಬರು ಮರಾಠವಾಡದ ಕಡೆಯವರು. ಯಾರಿಂದಲೂ ಒಂದು ನಿಂಬೆಹಣ್ಣು ಮುಟ್ಟಿದವರಲ್ಲ. ಕನ್ನಡ ಬರುತ್ತಿರಲಿಲ್ಲ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಹಿಂಡನ್ನು ಗುಡ್ಡದ ಬುಡದ ಕೊಂಡವಾಡಕ್ಕೆ ಹೊಡೆಸಿದರು. ಬಿಡಾಡಿ ದನ ಕೂಡಿಹಾಕುವ ಜಾಗ ಅದು. ಎದೆಮಟ್ಟದ ಕಲ್ಲುಗೋಡೆ, ಒಳಗೊಂದು ಬೇವಿನ ಮರ, ಒಂದು ಬಾಯಿ ಒಡೆದ ಬಾನಿ. ಕಾಯಲು ಇಮಾಮ್ ಜಮಾದಾರರನ್ನು ನೇಮಿಸಿದರು. ಹಳೆಯ ಫೌಜಿನಲ್ಲಿ ಕುದುರೆ ನೋಡಿಕೊಂಡಿದ್ದವರು, ಫೌಜು ಹೋದ ಮೇಲೆ ಮನೆಯಲ್ಲಿದ್ದರು. ಮಾಳವ್ವನಿಗೂ ಸೇರಿದವರಲ್ಲ, ಬೀರಪ್ಪನಿಗೂ ಸೇರಿದವರಲ್ಲ. ತಮಗೆ ಕುರಿಯ ಕೆಲಸ ಗೊತ್ತಿಲ್ಲ, ಯಾರಾದರೂ ಕುರುಬರು ನಾಲ್ಕು ದಿನ ಒಳಗೆ ಬಂದು ತೋರಿಸಿಕೊಡಲಿ ಎಂದು ಅವರು ಕೇಳಿದರು. ಆ ಸೀಮೆಯ ಕುರುಬರೆಲ್ಲ ಇಬ್ಬರಲ್ಲಿ ಒಬ್ಬರಿಗೆ ನೆಂಟರು. ಹಾಗಾಗಿ ಕುರಿ ಬಲ್ಲವರು ಯಾರೂ ಒಳಗೆ ಹೋಗುವ ಹಾಗಿರಲಿಲ್ಲ.

ಬಿಳಿಜೋಳ ಕೊಯ್ಲಾಗುತ್ತಿದ್ದಂತೆ ಆ ಕಡೆಯ ಕುರಿಗಳು ಪಡುವಣಕ್ಕೆ ಹೊರಡುತ್ತವೆ. ತಾಳಿಕೋಟಿ ಸುತ್ತ ಡೋಣಿ ಹೊಳೆಯ ಸಾಲಿನ ಕರಿಹೊಲಗಳಲ್ಲಿ ಕುರಿ ತರುಬಿಸಿಕೊಳ್ಳಲು, ಅಂದರೆ ರಾತ್ರಿ ಹೊಲದಲ್ಲೇ ಮಂದೆ ಕೂಡಿಸಿಕೊಳ್ಳಲು, ರೈತರು ಕಾಯುತ್ತಿರುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಗೆ ಕೂಳೆ ಮೇವು ಸಿಗುತ್ತದೆ. ಮಳೆ ಬಿದ್ದ ಮೇಲೆ ಹಿಂತಿರುಗುತ್ತವೆ. ಆ ನಡಿಗೆ ತಪ್ಪಿದ ಕುರಿ ಬೇಸಿಗೆ ದಾಟುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಮಾಳವ್ವ ಕೋರ್ಟಿಗೆ ಬಂದಳು. ಮೂವತ್ತೈದರ ಹೆಂಗಸು, ಒಣಕಲು ಮೈ, ಹೆಗಲ ಮೇಲೆ ಮಡಚಿದ ಕರಿ ಕಂಬಳಿ. ಹಿಂಡು ನಿಮ್ಮ ಜಮಾದಾರರ ಕೈಯಲ್ಲೇ ಇರಲಿ, ನಾವು ಯಾರೂ ಮುಟ್ಟುವುದಿಲ್ಲ, ಅವರೇ ಉಳಿದ ಹಿಂಡುಗಳ ಹಿಂದೆ ಹೊಡೆದುಕೊಂಡು ಹೋಗಲಿ ಎಂದು ಕೇಳಿದಳು. ಸಾಹೇಬರು ಒಪ್ಪುವವರಿದ್ದರು. ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರು. ತಾಳಿಕೋಟಿ ಕಡೆ ಅಂದಳು.

ತಾಳಿಕೋಟಿ ಆಗ ಮುಂಬಯಿ ರಾಜ್ಯ. ನಮ್ಮದು ಹೈದರಾಬಾದ್ ರಾಜ್ಯ. ಗಡಿ ದಾಟಿದ ಕುರಿಯ ಮೇಲೆ ನಮ್ಮ ಕೋರ್ಟಿನ ಮಾತು ನಡೆಯುವುದಿಲ್ಲ. ನಾಳೆ ದೆಹಲಿಯಲ್ಲಿ ಬೀರಪ್ಪ ಗೆದ್ದರೆ ಹಿಂಡನ್ನು ತಿರುಗಿ ತರುವವರು ಯಾರು? ಹಿಂಡು ಗಡಿ ದಾಟಲು ಒಪ್ಪಿಗೆಯೇ ಎಂದು ಸಾಹೇಬರು ಬೀರಪ್ಪನನ್ನು ಕೇಳಿದರು. ಬೀರಪ್ಪ ದಪ್ಪ ಕೊರಳಿನ ಮನುಷ್ಯ, ಬಾಯಲ್ಲಿ ಸದಾ ಎಲೆಯಡಿಕೆ. ಅವನೂ ಕುರುಬ, ಬೇಡ ಅಂದರೆ ಏನಾಗುತ್ತದೆ ಎಂದು ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕಟಕಟೆಯಿಂದಲೇ ಮಾಳವ್ವನ ಕಡೆ ತಿರುಗಿದ.

"ಕೋರ್ಟಿಗಿ ಬಾ ಅಂತ ನಾ ಕರ್ದಿದ್ನೇನು ಅತ್ತಿಗಿ? ನೀ ಬಂದಿ. ಈಗ ಕೋರ್ಟ್ ಹೇಳ್ದಂಗ ಇರು. ನನ್ನ ಕುರಿ ಡೋಣಿಗಿ ಹೋಗ್ತಾವ. ನಿನ್ನವು ದಿಲ್ಲಿಗಿ ಹೋಗ್ಯಾವ."

ಜನ ನಕ್ಕರು. ನಾನು ತಿರುಗಿಸಿ ಹೇಳಿದ ಮೇಲೆ ಸಾಹೇಬರೂ ನಗು ತಡೆಯಲು ತುಟಿ ಬಿಗಿಹಿಡಿದರು. ಅರ್ಜಿ ವಜಾ ಆಯಿತು.

ಆ ವಾರದಲ್ಲಿ ಹಿಂಡುಗಳು ಹೊರಟವು. ರಸ್ತೆಯ ಧೂಳು ಕೋರ್ಟಿನ ಮೇಜಿನ ಮೇಲೆಲ್ಲ ಕೂತಿತು. ನಿಂಗಪ್ಪನೂ ತನ್ನ ಕುರಿ ಹೊಡೆದುಕೊಂಡು ಹೊರಟ. ನೀನೂ ಬಾ ಎಂದು ಮಾಳವ್ವನನ್ನು ಕರೆದ. ಅವಳು ಹೋಗಲಿಲ್ಲ. ಮುಟ್ಟಲು ಬಿಡದಿದ್ದರೂ ಕಣ್ಣೆದುರಿಗಾದರೂ ಇರಲಿ ಅಂದಳು. ಅವನು ಮಳೆಗಾಲಕ್ಕೆ ತಿರುಗಿ ಬರುವಾಗ ತಾಳಿಕೋಟಿ ಕಡೆಯ ಒಬ್ಬಳನ್ನು ಕರೆದುಕೊಂಡೇ ಬಂದ. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ.

ಮಾಳವ್ವ ದಿನಾ ಬೆಳಿಗ್ಗೆ ಬಂದು ಕೊಂಡವಾಡದ ಗೋಡೆಯ ಆಚೆ, ರಸ್ತೆ ಬದಿಗೆ, ಕಂಬಳಿ ಹಾಸಿ ಕೂರುತ್ತಿದ್ದಳು. ಕದಿರಿನಲ್ಲಿ ಉಣ್ಣೆ ನೂಲುತ್ತ ನಡುನಡುವೆ ಕುರಿಗಳನ್ನು ಕೂಗುತ್ತಿದ್ದಳು. ನಾಲಗೆಯನ್ನು ಅಂಗುಳಕ್ಕೆ ಹೊಡೆದು ತೆಗೆಯುವ ಒಂದು ಸದ್ದು, ಅದರ ಹಿಂದೆಯೇ ಒಂದು ಉದ್ದನೆಯ ದನಿ. ಕೂಗಿದೊಡನೆ ಹಿಂಡೆಲ್ಲ ಮೇವು ಬಿಟ್ಟು ಆ ಗೋಡೆಗೆ ನುಗ್ಗುತ್ತಿತ್ತು. ನುಗ್ಗಾಟದಲ್ಲಿ ಒಂದು ಗಬ್ಬದ ಕುರಿ ಕಾಲು ಮುರಿದುಕೊಂಡಿತು. ಜಮಾದಾರರು ವರದಿ ಕೊಟ್ಟರು. ಕೂಗುವುದೂ ಕೈ ಹಾಕಿದ ಹಾಗೆಯೇ ಎಂದು ಬೀರಪ್ಪನ ವಕೀಲರು ವಾದಿಸಿದರು. ಸಾಹೇಬರು ಯೋಚಿಸಿ, ರಸ್ತೆ ಎಲ್ಲರದು, ಅಲ್ಲಿ ಕೂರುವುದನ್ನು ತಡೆಯಲು ಬರುವುದಿಲ್ಲ, ಆದರೆ ಕೂಗಬಾರದು ಎಂದು ಹುಕುಂ ಬರೆದರು. ಅದನ್ನು ತಿಳಿಸಲು ನಾನೇ ಹೋದೆ. ಓದಿ, ಕನ್ನಡದಲ್ಲಿ ಹೇಳಿ, ಅರ್ಥವಾಯಿತೇ ಎಂದು ಕೇಳಿದೆ. ಕದಿರು ತಿರುಗುವುದು ನಿಂತಿತು.

"ನನ್ನ ದನಿಗೂ ಜಪ್ತಿ ಏನ್ರಿ, ಯಪ್ಪಾ?"

ಹೌದು ಅಂದೆ. ಹುಕುಮಿನ ಅರ್ಥ ಅದೇ ಆಗಿತ್ತು. ಅಂದಿನಿಂದ ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತಿದ್ದಳು. ಕುರಿಗಳು ಮಾತ್ರ ಅವಳಿರುವ ಕಡೆಯ ಗೋಡೆಗೇ ಒತ್ತಿ ನಿಲ್ಲುತ್ತಿದ್ದವು. ನೆರಳು ಆ ಕಡೆ ಇರಲಿಲ್ಲ, ಬೇವಿನ ಮರ ಈ ಕಡೆಗಿತ್ತು.

ಹೋಳಿಯ ಹೊತ್ತಿಗೆ ಸಾವು ಸುರುವಾಯಿತು. ನಡೆಯುವ ಪ್ರಾಣಿಯನ್ನು ನಿಲ್ಲಿಸಿದರೆ ಗೊರಸು ಬೆಳೆದು ಬಾಗುತ್ತದೆ. ಹಿಕ್ಕೆ ಮೂತ್ರದ ಕೆಸರಿನಲ್ಲಿ ನಿಂತು ಕಾಲು ಕೊಳೆಯುತ್ತದೆ. ಕಾಲು ಕೊಳೆತ ಕುರಿ ಮೊಣಕಾಲೂರಿ ಮೇಯುತ್ತದೆ, ಆಮೇಲೆ ಮೇಯುವುದನ್ನೂ ಬಿಡುತ್ತದೆ. ಜಮಾದಾರರು ಕುದುರೆಗೆ ಮಾಡುತ್ತಿದ್ದ ಔಷಧವನ್ನೆಲ್ಲ ಮಾಡಿ ನೋಡಿದರು. ಮೊದಲ ಕುರಿ ಸತ್ತ ದಿನ ಬೀರಪ್ಪನ ವಕೀಲರು, ಸತ್ತಿತೋ ಜಮಾದಾರರ ಮನೆಯ ಒಲೆಗೆ ಹೋಯಿತೋ ಯಾರು ಬಲ್ಲರು ಎಂದು ತಕರಾರು ತೆಗೆದರು. ಜಮಾದಾರರು ತುಂಬಿದ ಕೋರ್ಟಿನಲ್ಲಿ ತಲೆ ತಗ್ಗಿಸಿ ನಿಂತರು. ಪ್ರತಿಯೊಂದು ಹೆಣವನ್ನೂ ಕೋರ್ಟಿಗೆ ತರಿಸಲಾಗುವುದಿಲ್ಲ. ಸತ್ತದ್ದಕ್ಕೆ ಗುರುತೇನು ಎಂದು ಸಾಹೇಬರು ಕೇಳಿದರು. ಉಪಾಯ ಹೇಳಿದವನು ವಿಚಾರಣೆಗೆಂದು ಡೋಣಿಯಿಂದ ಬಂದಿದ್ದ ಬೀರಪ್ಪನೇ. ಕೂಲಿ ಕುರುಬನ ಕೈಯಲ್ಲಿ ಕುರಿ ಸತ್ತರೆ, ತೋಳ ಹಿಡಿದರೆ, ಅವನು ಕಿವಿಗಳನ್ನು ಕೊಯ್ದು ತಂದು ಯಜಮಾನನ ಮುಂದೆ ಇಡುತ್ತಾನೆ. ಕಿವಿ ಬಂದರೆ ಲೆಕ್ಕ ಚುಕ್ತಾ, ಮುಂದೆ ಮಾತಿಲ್ಲ. ತಮ್ಮಲ್ಲಿ ಹೀಗೆ ನಡೆಯುತ್ತದೆ ಅಂದ. ಮಾಳವ್ವನನ್ನು ಕೇಳಿದಾಗ, ಹೌದು, ಹಾಗೇ ನಡೆಯುತ್ತದೆ ಅಂದಳು. ಆ ಮೊಕದ್ದಮೆಯಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಹೀಗೆ ಕಿವಿಗಳು ನನ್ನ ಮೇಜಿಗೆ ಬರತೊಡಗಿದವು. ಜಮಾದಾರರು ತೊಗರಿಕಡ್ಡಿಯ ಬುಟ್ಟಿಯಲ್ಲಿ, ಮೇಲೊಂದು ಬಟ್ಟೆ ಮುಚ್ಚಿ ತರುತ್ತಿದ್ದರು. ನಾನು ಗುರುತು ನೋಡಿ, ಹರಳುಪ್ಪು ಸವರಿ, ಜೋಡಿಗೊಂದು ದಾರ ಕಟ್ಟಿ, ಚೀಟಿ ಹಚ್ಚಿ, ಮಾಲ್‌ಖಾನೆಯ ಗೂಟಕ್ಕೆ ತೂಗುಹಾಕುತ್ತಿದ್ದೆ. ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಸೇರಿತು. ಹಾಸ್ಟೆಲಿನ ಅಭ್ಯಾಸ, ಗಂಟೆ ಹೊಡೆದರೆ ಹಸಿವಾಗುತ್ತಿತ್ತು.

ಯುಗಾದಿಯ ಸುಮಾರಿಗೆ ಕುರಿಗಳು ಈದವು. ಸಾಯುತ್ತಿದ್ದ ಹಿಂಡಿನಲ್ಲಿ ಮರಿಗಳು. ಹಾಲಿರದ ಕೆಚ್ಚಲಿಗೆ ಗುದ್ದಿ ಗುದ್ದಿ ನೋಡಿ, ಬಾನಿಯ ಒದ್ದೆ ಕಲ್ಲನ್ನು ನೆಕ್ಕುತ್ತಿದ್ದವು. ಇಲ್ಲಿ ಒಂದು ಹೊಸ ತೊಡಕು ಎದ್ದಿತು. ಮರಿ ಹುಟ್ಟಿ ಕೆಲವು ದಿನಗಳೊಳಗೆ ಕಿವಿಗುರುತು ಹಾಕಬೇಕು. ಒಬ್ಬರು ಮರಿಯ ಕಿವಿಯನ್ನು ಅಂಗೈ ಮೇಲೆ ಚಾಚಿ ಹಿಡಿಯುತ್ತಾರೆ, ಇನ್ನೊಬ್ಬರು ಕೊಯ್ಯುತ್ತಾರೆ. ಗುರುತಿಲ್ಲದ ಮರಿಯನ್ನು ಕುರುಬರು ಹಿಂಡಿಗೆ ಸೇರಿಸಿಕೊಳ್ಳುವುದಿಲ್ಲ. ಅದು ಯಾರದೂ ಅಲ್ಲ. ಯಾರೂ ಅದಕ್ಕೆ ಮೇವು ಹಾಕುವುದಿಲ್ಲ, ನೀರು ತೋರಿಸುವುದಿಲ್ಲ. ಈ ಮರಿಗಳಿಗೆ ಯಾವ ಗುರುತು? ತನ್ನದು ಎಂದಳು ಮಾಳವ್ವ. ತನ್ನದು ಎಂದ ಬೀರಪ್ಪ. ಮರಿ ಯಾರದು ಎಂಬುದೇ ದೆಹಲಿಯಲ್ಲಿ ಕೂತ ಪ್ರಶ್ನೆ. ಅದನ್ನು ನಾವು ಇಲ್ಲಿ ಚೂರಿಯಿಂದ ತೀರ್ಮಾನಿಸುವಂತಿರಲಿಲ್ಲ. ಯಾವ ಗುರುತೂ ಬೇಡ, ಕಿವಿ ಪೂರ್ತಿ ಇರಲಿ ಎಂದರು ಸಾಹೇಬರು.

ಜಮಾದಾರರು ಮರಿಗಳನ್ನೂ ತಾಯಿಗಳಷ್ಟೇ ನೋಡಿಕೊಂಡರು. ಆದರೆ ಅವು ಮೊದಲು ಹೋದವು. ಪೂರ್ತಿ ಕಿವಿ, ಒಂದು ಕಚ್ಚಿಲ್ಲ, ಒಂದು ಸೀಳಿಲ್ಲ. ಉಪ್ಪು ಹಚ್ಚಿದರೆ ಬೇಗ ಸುರುಟಿಕೊಳ್ಳುತ್ತಿದ್ದವು. ಅವುಗಳಿಗೆ ಬೇರೆ ಗೂಟ ಹೊಡೆಸಿದೆ.

ಬಿಸಿಲು ಏರಿತು. ಗುಡ್ಡದ ಬಂಡೆಗಳು ಬೆಳಗ್ಗೆ ಕಾದರೆ ಸಂಜೆಯಾದರೂ ಆರುತ್ತಿರಲಿಲ್ಲ. ಬಾವಿ ತಳ ಕಂಡಿತು. ಎರಡು ಹರದಾರಿ ದೂರದಿಂದ ಬಂಡಿಯ ಮೇಲೆ ಪೀಪಾಯಿಯಲ್ಲಿ ನೀರು ಬರುತ್ತಿತ್ತು, ಬರುವುದರೊಳಗೆ ಅರ್ಧ ಚೆಲ್ಲಿರುತ್ತಿತ್ತು. ಹಿಂಡು ಅರ್ಧಕ್ಕಿಂತ ಕಡಿಮೆಯಾಗಿದ್ದಾಗ ಒಂದು ದಿನ ಮಾಳವ್ವ ವಕೀಲರಿಲ್ಲದೆ, ಕೂಗಿಸಿಕೊಳ್ಳದೆ, ನೇರ ಬಂದು ಕಟಕಟೆಯಲ್ಲಿ ನಿಂತಳು. ಅದೇ ದಿನ ಬೀರಪ್ಪನನ್ನೂ ಬೇರೊಂದು ಕೆಲಸಕ್ಕೆ ಕರೆಸಿದ್ದರು, ಡೋಣಿಯಿಂದ ಬಂದಿದ್ದ. ಅವಳನ್ನು ಹೊರಗೆ ಕಳಿಸಲು ಬಂದ ಜವಾನನನ್ನು ಸಾಹೇಬರು ಕೈಸನ್ನೆಯಿಂದ ತಡೆದು, ಹೇಳಲಿ ಅಂದರು.

"ಕುರಿ ಬೀರಪ್ಪನೇ ಒಯ್ಲಿ. ಮರಿನೂ ಒಯ್ಲಿ. ನಾ ಸೋತೀನಿ ಅಂತ ಬರ್ಕೋರಿ. ಇವತ್ತ ಬಾಗಲಾ ತಗೀರಿ, ಇವತ್ತ ಅವ ಹೊಡ್ಕೊಂಡು ಡೋಣಿ ಹಾದಿ ಹಿಡೀಲಿ."

ನಾನು ಅದನ್ನು ಸಾಹೇಬರಿಗೆ ಉರ್ದುವಿನಲ್ಲಿ ಹೇಳಿದೆ. ಬೀರಪ್ಪನಿಗೆ ಒಪ್ಪಿಗೆಯೇ ಎಂದು ಕೇಳಿದರು. ಅವನು ಹೊರಗೆ ಹೋಗಿ ಎಲೆಯಡಿಕೆ ಉಗುಳಿ ಬಂದ. ಒಪ್ಪಿಗೆ ಅಂದ. ಆಣೆ ಬೇಕಾದರೆ ಇಡುತ್ತೇನೆ ಅಂದ. ಸಾಹೇಬರು ದೆಹಲಿಯ ಹುಕುಮನ್ನು ತರಿಸಿ ಮೊದಲಿಂದ ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದಿಟ್ಟು ಉರ್ದುವಿನಲ್ಲಿ ನಿಧಾನವಾಗಿ ಹೇಳಿದರು. ನಾನು ಅಷ್ಟೇ ನಿಧಾನವಾಗಿ ಕನ್ನಡದಲ್ಲಿ ಹೇಳಿದೆ. ಸೋಲುವುದಾದರೂ ದೆಹಲಿಯಲ್ಲೇ ಸೋಲಬೇಕು. ಅಪೀಲು ಅಲ್ಲಿದೆ, ವಾಪಸು ಪಡೆಯುವುದೂ ಅಲ್ಲೇ. ಹೈದರಾಬಾದಿನ ವಕೀಲರ ಮೂಲಕ ಅರ್ಜಿ ಹೋಗಬೇಕು, ಅಲ್ಲಿಂದ ಹುಕುಂ 'ಬಿಡಿ' ಎಂದು ಬರಬೇಕು. ಅಲ್ಲಿಯವರೆಗೆ ಕೊಂಡವಾಡದ ಬಾಗಿಲು ತೆಗೆಯುವ ಅಧಿಕಾರ ಈ ಕೋರ್ಟಿಗಿಲ್ಲ.

ಬೀರಪ್ಪ ನನ್ನನ್ನೇ ನೋಡಿ ಕೇಳಿದ. "ಆಕಿನೂ ಒಪ್ಯಾಳ, ನಾನೂ ಒಪ್ಪೀನಿ. ನಡುವ ಒಲ್ಲೆ ಅನ್ನಾವ ಯಾರ್ರಿ?"

ಇದನ್ನು ನಾನು ತಿರುಗಿಸಿ ಹೇಳಿದೆ. ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. ಮುಂದಿನ ಕೇಸು ಕೂಗು ಅಂದರು.

ಅವತ್ತೇ ಅರ್ಜಿ ಬರೆಸಿದೆವು. ನಾನೇ ಬರೆದೆ, ಒಂದು ತಪ್ಪಿಲ್ಲದ ಹಾಗೆ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಹೊರಗೆ ಹೋಗುವಾಗ ಬೀರಪ್ಪ ದಾರಿ ಬದಿಯ ಜಾಲಿಮರಕ್ಕೆ ಕೋಲು ಹಾಕಿ ಒಂದು ಕಂಬಳಿ ತುಂಬ ಕಾಯಿ ಉದುರಿಸಿ, ಕೊಂಡವಾಡದ ಗೋಡೆಯ ಮೇಲಿಂದ ಒಳಗೆ ಸುರಿದ. ಕುರಿಗಳಿಗೆ ಜಾಲಿಕಾಯಿ ಎಂದರೆ ಪ್ರಾಣ. ಏಳಲಾರದವೂ ತೆವಳಿಕೊಂಡು ಬಂದವು. ಬೀರಪ್ಪ ದಾವೆಯ ಒಬ್ಬ ಪಕ್ಷಗಾರ, ಅವನ ಕೈಯ ಮೇವು ಒಳಗೆ ಹೋಗುವಂತಿರಲಿಲ್ಲ. ನಾನು ಜಮಾದಾರರಿಗೆ ಹೇಳಿ ಕಾಯಿಗಳನ್ನು ಬಳಿಸಿ ಹೊರಗೆ ಹಾಕಿಸಿದೆ. ಹುಕುಂ ಹಾಗಿತ್ತು. ಜಮಾದಾರರು ಬಳಿದು ಹಾಕಿ, ಕೈ ತೊಳೆದುಕೊಂಡು, ನನ್ನ ಹತ್ತಿರ ಬಂದು ಒಂದೇ ಮಾತು ಅಂದರು. "ಫೌಜಿನ್ಯಾಗ ಕಾಲು ಮುರದ ಕುದರಿಗಿ ಗುಂಡು ಹೊಡೀತಿದ್ವಿ ಸಾಹೇಬ್ರ. ಅಷ್ಟಾದ್ರೂ ಇತ್ತು."

ಅರ್ಜಿ ಹೈದರಾಬಾದಿಗೆ ಹೋಯಿತು. ಹೆಬ್ಬೆಟ್ಟಿಗೆ ತಹಶೀಲ್ದಾರರ ಸಾಕ್ಷಿ ಬೇಕೆಂದು ವಕೀಲರು ತಿರುಗಿ ಕಳಿಸಿದರು. ಸಾಕ್ಷಿ ಹಾಕಿಸಿ ಕಳಿಸಿದೆವು. ಅದು ದೆಹಲಿಗೆ ಹೊರಟಿದೆ ಎಂದು ಕಾಗದ ಬಂತು. ಆಮೇಲೆ ರೋಹಿಣಿ ಮಳೆ ಬಂತು.

ಮಧ್ಯಾಹ್ನದ ಮಳೆ. ಡೋಣಿ ಕಡೆ ಮಳೆ ಮೊದಲೇ ಬಿದ್ದಿತ್ತು, ಎರಡು ದಿನದಿಂದ ಪಡುವಣದ ಹಿಂಡುಗಳು ತಿರುಗಿ ಬರುತ್ತಿದ್ದವು. ಅವತ್ತು ಬೀರಪ್ಪನ ಹಿಂಡು ನಮ್ಮ ರಸ್ತೆಯಲ್ಲಿ ಬಂತು. ಕರಿಹೊಲದಲ್ಲಿ ಮೇದು ಮೈತುಂಬಿಕೊಂಡ ಕುರಿಗಳು, ಕೊರಳಿಗೆ ಗಂಟೆ ಹಾಕಿದ ಟಗರು ಮುಂದೆ. ಒಳಗೆ ಉಳಿದಿದ್ದ ನಾಲ್ಕಾರು ಕುರಿಗಳು ಆ ಗಂಟೆ ಕೇಳಿ ಒದರಿದವು. ಅವುಗಳ ತಾಯಂದಿರ ಕಾಲದಿಂದ ಕೇಳಿದ ಗಂಟೆ ಅದು. ಒಂದರ ಮೇಲೊಂದು ಏರಿ ಗೋಡೆಗೆ ಮೂತಿ ಹಚ್ಚಿದವು. ಹೊರಗಿನವೂ ಒದರಿದವು. ಅಷ್ಟರಲ್ಲಿ ಗಾಳಿಯ ಜೊತೆ ಆಲಿಕಲ್ಲು ಬಿತ್ತು. ಕೋರ್ಟಿನ ಪಡಸಾಲೆಯಲ್ಲಿ ನಾವೆಲ್ಲ ನಿಂತು ನೋಡುತ್ತಿದ್ದೆವು. ಬೀರಪ್ಪ ತನ್ನ ಹಿಂಡನ್ನು ಮರಗಳ ಕೆಳಗೆ ಹೊಡೆದ. ಮಾಳವ್ವ ಎದ್ದು ನಿಂತಳು, ಕಂಬಳಿ ಬಿಚ್ಚಿ ತಲೆಗೆ ಹಾಕಿಕೊಳ್ಳಲಿಲ್ಲ, ಗೋಡೆಯ ಮೇಲೆ ಹರವಿ ಹಿಡಿದಳು. ಬರಿ ಒಂದು ಕಂಬಳಿ. ಎಲುಬು ಕಂಡ ಕುರಿಗಳು ಮೊದಲ ತಣ್ಣೀರಿಗೆ ತಡೆಯುವುದಿಲ್ಲ. ಕೋರ್ಟು ಏಳುವ ಹೊತ್ತಿಗೆ ಮುಗಿದಿತ್ತು. ಜಮಾದಾರರು ಬುಟ್ಟಿ ತಂದು ನನ್ನ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಕೊಂಡವಾಡದ ಕೀಲಿಯನ್ನೂ ಇಟ್ಟು, ಒದ್ದೆ ರುಮಾಲು ಹಿಂಡಿಕೊಳ್ಳುತ್ತ ಮನೆಗೆ ಹೋದರು.

ಮಾಳವ್ವ ಮರುದಿನ ಬಂದಳು. ದೆಹಲಿಗೆ ಹೋದ ಅರ್ಜಿಯನ್ನು ಹಿಂದಕ್ಕೆ ತರಿಸಬೇಕು ಅಂದಳು.

"ಇನ್ನ ನಾ ಸೋಲಾಂಗಿಲ್ರಿ."

ತರಿಸಿದೆವು. ಅದಕ್ಕೂ ಸಾಕ್ಷಿ ಬೇಕಾಯಿತು, ಹಾಕಿಸಿದೆವು.

ಆ ವರ್ಷ ಅಲ್ಲಿಗೆ ಮುಗಿಯಿತು. ಸಾಹೇಬರಿಗೆ ವರ್ಗವಾಯಿತು. ನಾನು ಅಲ್ಲೇ ಉಳಿದೆ. ಕಿವಿಗಳೂ ಉಳಿದವು. ಮೊಕದ್ದಮೆ ನಡೆಯುತ್ತಿರುವ ಮಾಲು ಕೆಡಬಾರದು, ಹಾಗಾಗಿ ಪ್ರತಿ ಮಳೆಗಾಲದ ಮೊದಲು ಇಳಿಸಿ, ಹುಳ ಕೊಡವಿ, ಬಿಸಿಲಿಗೆ ಹಾಕಿ, ಹೊಸ ಉಪ್ಪು ಸವರಿ ತೂಗುಹಾಕುತ್ತಿದ್ದೆ. ಇದನ್ನು ಮಾಡೆಂದು ಯಾರೂ ಹೇಳಿರಲಿಲ್ಲ.

ತೀರ್ಪು ಬಂದದ್ದು ಹೈದರಾಬಾದ್ ರಾಜ್ಯವೇ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ. ತಾಳಿಕೋಟಿಯೂ ಅದೇ ರಾಜ್ಯಕ್ಕೆ ಸೇರಿತ್ತು. ನಡುವೆ ಇದ್ದ ಗಡಿ ಹೋಗಿತ್ತು. ಮಾಳವ್ವ ಗೆದ್ದಳು. ಮರಿ ತಾಯಿಯದು, ತಾಯಿ ಬಳುವಳಿಯದು, ಬಳುವಳಿ ಹೆಂಗಸಿನದು, ಉಡಿಕಿ ಆದರೂ ಅದು ಅವಳನ್ನು ಬಿಟ್ಟುಹೋಗುವುದಿಲ್ಲ ಎಂದು ಬರೆದಿದ್ದರು. ಒಳ್ಳೆಯ ತೀರ್ಪು. ಆಮೇಲೆ ಎಷ್ಟೋ ಹಟ್ಟಿಗಳಲ್ಲಿ ಹೆಣ್ಣುಮಕ್ಕಳ ಕುರಿ ಉಳಿದದ್ದು ಅದರಿಂದಲೇ. ಹೊಸ ಮುನ್ಸೀಫರು ಅದನ್ನು ಜೋರಾಗಿ ಓದಿ ಹೊಗಳಿದರು. ಕೊನೆಯ ಸಾಲು, ವಶದಲ್ಲಿರುವ ಮಾಲನ್ನು ಗೆದ್ದವರಿಗೆ ಒಪ್ಪಿಸತಕ್ಕದ್ದು.

ಅವಳು ಬಂದಳು. ಕೂದಲು ಬೆಳ್ಳಗಾಗಿತ್ತು. ಹಿಂದೆ ನಾಲ್ಕು ಮಾರು ಬಿಟ್ಟು ಬೀರಪ್ಪನೂ ಬಂದ. ಯಾಕೆ ಬಂದನೋ, ಅವನನ್ನು ಕರೆಸಿರಲಿಲ್ಲ. ನಾನು ಗೂಟದಿಂದ ಕಿವಿಗಳನ್ನು ಇಳಿಸಿ, ಗೋಣಿಚೀಲದಲ್ಲಿ ತುಂಬಿ ತಂದು ಪಡಸಾಲೆಯಲ್ಲಿಟ್ಟೆ. ರಸೀದಿ ಮುಂದಿಟ್ಟು ಹೆಬ್ಬೆಟ್ಟು ಒತ್ತಲು ಹೇಳಿದೆ. ಅವಳು ರಸೀದಿ ನೋಡಲಿಲ್ಲ. ಚೀಲವನ್ನು ನೆಲಕ್ಕೆ ಸುರಿದು, ಕಾಲು ಚಾಚಿ ಕೂತು, ಒಂದೊಂದೇ ಜೋಡಿ ಎತ್ತಿ ಬೇರೆ ಮಾಡಿದಳು. ಗುರುತಿನವು ಒಂದು ಕಡೆ. ಗುರುತಿಲ್ಲದ ಸಣ್ಣವು ತನ್ನ ಮಡಿಲಿಗೆ. ಮುಗಿದ ಮೇಲೆ ಮಡಿಲ ಮೇಲೆ ಕೈಯಿಟ್ಟು ನನ್ನನ್ನು ಕೇಳಿದಳು.

"ಇವೂ ನನ್ನವಂತ ಬರದಾರೇನ್ರಿ?"

ಹೌದು ಅಂದೆ. ಓದಿ ಹೇಳ್ರಿ ಅಂದಳು. ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವಳು ಕುಡಿಯುವ ನೀರಿನ ತಂಬಿಗೆ ತರಿಸಿ, ಒಣಗಿ ಕಟಕಲಾಗಿದ್ದ ಮರಿಗಿವಿಗಳನ್ನು ಅದರಲ್ಲಿ ಅದ್ದಿ ನೆನೆಸಿದಳು. ಸೊಂಟದ ಚೀಲದಿಂದ ಒಂದು ಸಣ್ಣ ಚೂರಿ ತೆಗೆದಳು. ನೆನೆದ ಕಿವಿ ಅವಳ ಒಂದೇ ಕೈಯಲ್ಲಿ ಸುರುಟಿಕೊಳ್ಳುತ್ತಿತ್ತು, ಕೊಯ್ಯಲು ಬರುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಬೀರಪ್ಪ ಸ್ವಲ್ಪ ಹೊತ್ತು ನೋಡಿದ. ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿದ. ಅವಳು ಕೊಟ್ಟಳು. ಅವನು ಕಿವಿಯನ್ನು ಅಂಗೈ ಮೇಲೆ ಚಾಚಿ ಹಿಡಿದ. ಅವಳು ಬಲಗಿವಿಯ ತುದಿ ಕೊಯ್ದಳು, ಎಡಗಿವಿಯ ನಡುವೆ ಸೀಳು ಹಾಕಿದಳು. ಇನ್ನೊಂದು. ಇನ್ನೊಂದು. ಒಂದನ್ನೂ ಬಿಡಲಿಲ್ಲ. ಕಚೇರಿ ಮುಚ್ಚುವ ಗಂಟೆ ಹೊಡೆಯಿತು. ನಾನು ರಸೀದಿ ಹಿಡಿದು ನಿಂತೇ ಇದ್ದೆ.

ಕೊನೆಯದನ್ನು ಚೀಲಕ್ಕೆ ಹಾಕಿ, ಚೂರಿ ಒರೆಸಿ, ಹೆಬ್ಬೆರಳು ಮುಂದೆ ಮಾಡಿದಳು.

"ಈಗ ಹಚ್ಚರಿ ಶಾಯಿ. ಮಾಲು ಪೂರಾ ಮುಟ್ಟೇತಿ."

ಚೀಲವನ್ನು ಬೀರಪ್ಪ ಎತ್ತಲು ಹೋದ. ಅವಳು ಕೊಡಲಿಲ್ಲ. ತಾನೇ ತಲೆಯ ಮೇಲಿಟ್ಟುಕೊಂಡು ಇಳಿದಳು. ಅವನು ಹಿಂದೆ ಇಳಿದ. ಪಡಸಾಲೆಯಲ್ಲಿ ಕೊಯ್ದ ತುದಿಗಳು ಉಗುರಿನಷ್ಟು ಸಣ್ಣ ಸಣ್ಣವು ಬಿದ್ದಿದ್ದವು. ಜವಾನ ಕಸಬರಿಗೆ ತಂದು ಬಗ್ಗಿದ. ಅವರು ಗೇಟು ದಾಟಲಿ, ಆಮೇಲೆ ಗುಡಿಸು ಅಂದೆ.